ಕಸದ ಗಾಡಿಯ ಅಕ್ಕ

ತ್ಯಾಜ್ಯ ನಿರ್ವಹಣೆಯ ಅಧ್ಯಯನಕ್ಕೆಂದು ಮೂಡುಬಿದಿರೆ ಕಡೆಯ ಒಂದು ಗ್ರಾಮದಲ್ಲಿ ನಾನು ತಿಂಗಳುಗಟ್ಟಲೆ ಪಂಚಾಯತಿನ ಕಸದ ಗಾಡಿಯಲ್ಲಿ ಸುತ್ತಿದ್ದೇನೆ. ಗಾಡಿ ಓಡಿಸುತ್ತಿದ್ದವರು ಬೆಳುವಾಯಿ ಕಡೆಯ ಒಬ್ಬ ಅಕ್ಕ. ಪ್ರತಿ ಮನೆಯ ಗೇಟಿನಲ್ಲೂ ಚೀಲ ಬಿಚ್ಚಿ ನೋಡುವರು. ಒಣಕಸದಲ್ಲಿ ಅನ್ನ, ಸಾರು ಸೇರಿದ್ದರೆ, "ಇದನ್ನು ಹೆಕ್ಕುವ ಕೈ ನಂದಲ್ವಾ?" ಎಂದು ನಗುತ್ತಲೇ ಹಿಂದಿರುಗಿ ಕೊಡುವರು.

ಒಂದು ಬೆಳಿಗ್ಗೆ ದೊಡ್ಡ ಮನೆಯೊಂದರ ಚೀಲದಲ್ಲಿ ಕೊಳಕು ಡೈಪರುಗಳ ನಡುವೆ ಒಡೆದ ಬಾಟಲಿ ಇತ್ತು. ಅಕ್ಕನ ಅಂಗೈ ಸೀಳಿ ರಕ್ತ ಸುರಿಯಿತು. ಮನೆಯೆದುರಿನ ಸಿಟೌಟಿನಲ್ಲಿ ಕುಳಿತಿದ್ದ ಯಜಮಾನರು ಏಳಲೂ ಇಲ್ಲ.

"ಪಂಚಾಯತಿನವರು ನಿನ್ನನ್ನು ಇಟ್ಟದ್ದೇ ಅದಕ್ಕಲ್ವಾ ಮಾರಾಯ್ತಿ? ತೆಕೊಂಡು ಹೋಗು."

ಅಕ್ಕ ನಗಲಿಲ್ಲ. ಕೈಗೆ ಶಾಲು ಸುತ್ತಿಕೊಂಡು, ಮೆಟ್ಟಿಲು ಹತ್ತಿ, ಆ ಚೀಲವನ್ನು ಅವರ ಕುರ್ಚಿಯ ಬುಡದಲ್ಲೇ ಸುರಿದರು.

"ನಿಮ್ಮದೇ ಕಸ ಧಣಿಗಳೇ, ಒಮ್ಮೆ ನೀವೇ ಮುಟ್ಟಿ ನೋಡಿ. ಬೇರೆ ಮಾಡಿ ಇಟ್ಟರೆ ನಾಳೆ ಬಂದು ತೆಕೊಂಡು ಹೋಗ್ತೇನೆ."

ಮಧ್ಯಾಹ್ನದೊಳಗೆ ದೂರು ಹೋಯಿತು. ಅಕ್ಕ ಕ್ಷಮೆ ಕೇಳಬೇಕೆಂದು ಪಂಚಾಯತಿ ಕಚೇರಿಯಲ್ಲಿ ಅಧಿಕಾರಿ ಪಟ್ಟು ಹಿಡಿದರು. ನಾನು ಕಂಡದ್ದನ್ನು ಹೇಳಹೊರಟರೆ, "ನಿಮಗ್ಯಾಕೆ ಅದೆಲ್ಲ?" ಎಂದು ಬಾಯಿ ಮುಚ್ಚಿಸಿದರು. ಅಕ್ಕ ಹೊಲಿಗೆ ಹಾಕಿದ ಕೈಯನ್ನು ಮೇಜಿನ ಮೇಲಿಟ್ಟರು.

"ಕ್ಷಮೆ ಕೇಳಬೇಕಾದವರನ್ನು ಕರೆಸಿ ಸರ್, ನಾನು ಇಲ್ಲೇ ಕೂತಿರ್ತೇನೆ."

ಯಾರನ್ನೂ ಕರೆಸಲಿಲ್ಲ. ಗಾಡಿಯ ಕೀಯನ್ನು ಬೇರೆಯವರಿಗೆ ಕೊಟ್ಟರು.

ನಡೆದದ್ದನ್ನೆಲ್ಲ ನಾನು ವರದಿಯಲ್ಲಿ ಎರಡು ಪುಟ ಬರೆದಿದ್ದೆ. ಅಚ್ಚಾಗಿ ಬಂದಾಗ ಅಲ್ಲಿ ಒಂದೇ ಸಾಲು ಉಳಿದಿತ್ತು: 'ಸಿಬ್ಬಂದಿಗೆ ಉತ್ತಮ ಗುಣಮಟ್ಟದ ಕೈಗವಸು ಒದಗಿಸುವುದು ಸೂಕ್ತ.'