ಮೂರು ಪದರದ ಗ್ರಾಫೀನ್ ಮತ್ತು ನನ್ನ ಹೆಸರು

ಗ್ರಾಫೈಟನ್ನು ಅಂಟುಟೇಪಿನಿಂದ ಮತ್ತೆ ಮತ್ತೆ ಸುಲಿದರೆ ಕೊನೆಗೆ ಒಂದೇ ಪರಮಾಣುವಿನಷ್ಟು ದಪ್ಪದ ಪದರ ಸಿಗುತ್ತದೆ. ಅದೇ ಗ್ರಾಫೀನ್. ಅಂಥ ಮೂರು ಪದರಗಳನ್ನು ತುಸು ತಿರುಗಿಸಿ ಒಂದರ ಮೇಲೊಂದು ಕೂರಿಸುವುದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ಅಳತೆ ತೆಗೆಯುವುದು ನನ್ನ ಗೆಳತಿಯದು. ನಾನು ಕುಂದೂರಿನವಳು, ಅವಳು ಮಾರನಹಳ್ಳಿಯವಳು. ಹಾಸನದ ಹಾಸ್ಟೆಲಿನ ಕಾಲದಿಂದಲೂ ನಮ್ಮದು ಒಂದೇ ಕೋಣೆ.

ಎರಡು ವರ್ಷ ಪದರಗಳು ಹರಿದವು, ಸುಕ್ಕುಗಟ್ಟಿದವು. ಕೊನೆಗೆ ಒಂದು ತುಣುಕು, ತೀರಾ ತಣ್ಣಗಾದಾಗ, ವಿದ್ಯುತ್ತಿಗೆ ಒಂದಿಷ್ಟೂ ತಡೆ ಒಡ್ಡಲಿಲ್ಲ. ಸೂಪರ್‌ಕಂಡಕ್ಟರ್ ಆಗಿತ್ತು. ಬಲವಾದ ಅಯಸ್ಕಾಂತದ ಮುಂದೆಯೂ ಹಾಗೇ ಉಳಿಯಿತು. ಉಪಕರಣ ಕೆಟ್ಟಿರಬೇಕು ಎಂದಳು ಗೆಳತಿ.

ರಜೆಗೆ ಇಬ್ಬರೂ ಊರಿಗೆ ಬರುವಾಗ ರೈಲಿನಲ್ಲಿ ನಾನು ನೋಟ್‌ಬುಕ್ ಬಿಡಿಸಿ ಅವಳಿಗೆ ವಿವರಿಸಿದೆ. ಸಾಮಾನ್ಯ ಸೂಪರ್‌ಕಂಡಕ್ಟರಿನಲ್ಲಿ ಜೋಡಿಯಾಗುವ ಎಲೆಕ್ಟ್ರಾನುಗಳ ಸ್ಪಿನ್, ಅಂದರೆ ಅವುಗಳೊಳಗಿನ ಪುಟ್ಟ ಅಯಸ್ಕಾಂತದ ದಿಕ್ಕು, ಒಂದಕ್ಕೊಂದು ವಿರುದ್ಧ ಇರುತ್ತದೆ. ಬಲವಾದ ಅಯಸ್ಕಾಂತ ಅಂಥ ಜೋಡಿಯನ್ನು ಒಡೆದುಬಿಡುತ್ತದೆ.

“ಇಲ್ಲಿ ಒಡೀತಿಲ್ಲ ಅಂದ್ರೆ ಜೋಡಿನೇ ಬೇರೆ ಥರ ಐತೆ ಕಣೇ.”

ಸಕಲೇಶಪುರ ಬರುವ ತನಕ ಅವಳು ಪ್ರಶ್ನೆ ಕೇಳುತ್ತಲೇ ಇದ್ದಳು. ನನಗೆ ಖುಷಿಯಾಗಿತ್ತು.

ಅಮ್ಮನ ಮಂಡಿ ಆಪರೇಷನ್ನಿಗೆಂದು ನಾನು ಕೆಲವು ತಿಂಗಳು ಊರಲ್ಲೇ ಉಳಿದೆ. ಅಷ್ಟರಲ್ಲಿ ನಮ್ಮ ಪ್ರಯೋಗದ ಬಗ್ಗೆ ಲೇಖನ ಅಚ್ಚಾಗಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಓದಿದೆ. ರೈಲಿನಲ್ಲಿ ನಾನು ಹೇಳಿದ ವಾದವೇ ಅಲ್ಲಿತ್ತು. ಲೇಖಕರ ಜಾಗದಲ್ಲಿ ಅವಳಿದ್ದಳು, ನಮ್ಮ ಮಾರ್ಗದರ್ಶಕರಿದ್ದರು. ನನಗೆ ಕೊನೆಯಲ್ಲಿ ಸ್ಯಾಂಪಲ್ ತಯಾರಿಸಿದ್ದಕ್ಕೆ ಒಂದು ಸಾಲಿನ ಕೃತಜ್ಞತೆ.

ತನ್ನ ಅಣ್ಣನ ನಿಶ್ಚಿತಾರ್ಥಕ್ಕೆ ಅವಳು ಊರಿಗೆ ಬಂದಿದ್ದಾಳೆಂದು ತಿಳಿದು ಮಾರನಹಳ್ಳಿಗೆ ಹೋದೆ. ಅವಳ ತಾಯಿ ಎಂದಿನಂತೆ ಕೈಹಿಡಿದು ಒಳಗೆ ಕರೆದು ಕಾಫಿ ಕೊಟ್ಟರು. ಗೆಳತಿ ನನ್ನನ್ನು ಹಿತ್ತಲಿಗೆ ಕರೆದೊಯ್ದಳು.

“ಪದರ ಕೂರ್ಸಿದ್ದು ನೀನು, ಇಲ್ಲ ಅನ್ನಲ್ಲ. ಬರ್ದಿದ್ದು ನಾನು ಕಣೇ.”

“ಯೋಚ್ನೆ ಯಾರದು?”

ಅವಳು ಹಿತ್ತಲ ಬೇಲಿಯಿಂದ ಒಂದು ಎಲೆ ಕಿತ್ತಳು. “ಸರ್ ಕೇಳಿದ್ರು. ನಂದೇ ಅಂದ್ಬುಟ್ಟೆ. ಆಮೇಲೆ ಅಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ.”

ಕ್ಷಮೆ ಕೇಳುತ್ತಾಳೇನೋ ಎಂದು ಕಾದೆ. ಕೇಳಲಿಲ್ಲ. ಅವಳ ತಾಯಿ ಊಟಕ್ಕೆ ಕರೆಯುತ್ತಿದ್ದರೂ ನಿಲ್ಲದೆ ಹೊರಟುಬಂದೆ.

ಮಾರ್ಗದರ್ಶಕರಿಗೆ ತಾರೀಖು ಸಮೇತ ನನ್ನ ನೋಟ್‌ಬುಕ್ಕಿನ ಪುಟಗಳ ಫೋಟೋ ಕಳಿಸಿದೆ. ಅವರು ಅವಳನ್ನು ಕರೆದು ವಿಚಾರಿಸಿದರು. ತಿಂಗಳುಗಳಾದ ಮೇಲೆ ತಿದ್ದುಪಡಿ ಅಚ್ಚಾಯಿತು. ಎರಡನೆಯ ಹೆಸರು ನನ್ನದು. ಅಂದು ಅವಳು ಫೋನ್ ಮಾಡಿ, “ಈಗ ಸಮಾಧಾನ ಆಯ್ತಾ?” ಎಂದಳು.

“ಇಲ್ಲ,” ಎಂದೆ. ಅದು ನಿಜವೇ ಆಗಿತ್ತು.

ಈಗ ನನ್ನ ಜೊತೆ ಅಳತೆ ತೆಗೆಯುವವಳು ಬೇರೆ ಹುಡುಗಿ. ಒಳ್ಳೆಯವಳು. ಆದರೂ ಹೊಸದೇನಾದರೂ ಹೊಳೆದರೆ ಮೊದಲು ಸರ್‌ಗೆ ಮೇಲ್ ಕಳಿಸಿ, ಆಮೇಲೆ ಅವಳಿಗೆ ಹೇಳುತ್ತೇನೆ. ಪ್ರತಿಸಲವೂ ಅವಳ ಮುಖ ನೋಡುವಾಗ ನಾಚಿಕೆಯಾಗುತ್ತದೆ.