ಮೋಟರಿಗೆ ಮುಟ್ಟಿದ ಹೊಳಿಸುದ್ದಿ

ಆಳಂದದ ಓಣಿಯಲ್ಲಿ ಇನ್ನೂ ನಸುಗತ್ತಲು. ಭುವನೇಶ್ವರಿ ಆರಿದ ಚಹಾ ಮರೆತು ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾರೆ. ಮೇಲಿನ ಅಣೆಕಟ್ಟಿನಿಂದ ರಾತ್ರಿ ನೀರು ಬಿಟ್ಟಿದ್ದಾರೆ. ಭೀಮೆ ಏರುವುದರೊಳಗೆ ಅಫಜಲಪುರ, ಜೇವರ್ಗಿ ಕಡೆಯ ರೈತರು ಹೊಳೆಯೊಳಗಿನ ಪಂಪ್‌ಸೆಟ್ ಎತ್ತಿಕೊಳ್ಳಬೇಕು. ಅವರ ಫೋನಿಗೆ ಸುದ್ದಿ ಮುಟ್ಟಿಸುವುದು ‘ಹೊಳಿಸುದ್ದಿ’ಯ ಕೆಲಸ.

"ನಾ ಲಿಂಗ ನೋಡಕೋತ ಕೂಡತೀನಿ, ಈಕಿ ಆ ಡಬ್ಬಿ ನೋಡಕೋತ ಕೂಡತಾಳ. ಯಾರ ಪೂಜಿ ದೊಡ್ಡದೋ ಶಿವನೇ ಬಲ್ಲ," ಎಂದು ಅತ್ತೆ ಸುಭದ್ರಾಬಾಯಿ ವಿಭೂತಿ ಹಚ್ಚಿಕೊಳ್ಳುತ್ತಲೇ ಚುಚ್ಚುತ್ತಾರೆ.

ಹೊಳಿಸುದ್ದಿ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಪುಕ್ಕಟೆ ಬಳಸಬಹುದು. ಕಲಬುರಗಿಯಲ್ಲಿ ಓದುವಾಗ ಗೆಳೆಯರೆಲ್ಲ ಸೇರಿ ಕಟ್ಟಿದ್ದು. ಮದುವೆ, ನೌಕರಿ ಎಂದು ಒಬ್ಬೊಬ್ಬರೇ ಸರಿದುಹೋದರು. ನೆರವು ಕೊಡುತ್ತಿದ್ದ ಸಂಸ್ಥೆಯೂ ಹೋದ ವರ್ಷ ಕೈಬಿಟ್ಟಿತು. ಈಗ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಭುವನೇಶ್ವರಿ ಒಬ್ಬರೇ. ಎರಡು ಸಾವಿರ ರೈತರಿಗೆ ಮೊದಲು ಮೂರು ಸಲ ಹೋಗುತ್ತಿದ್ದ ಸಂದೇಶ ಈಗ ದುಡ್ಡು ಸಾಲದೆ ಒಂದೇ ಸಲ ಹೋಗುತ್ತದೆ.

"ಹಳೀ ಮಾಳಗಿ ಇದ್ದಂಗ್ರಿ. ಈ ಕಡಿ ಸೋರೋದು ಮುಚ್ಚಿದ್ರ ಆ ಕಡಿ ಸೋರ್ತದ. ಈ ಮಳಿಗಾಲ ದಾಟಿದ್ರ ಸಾಕು," ಎನ್ನುತ್ತಾರೆ ಭುವನೇಶ್ವರಿ.

ಇಂದಿನ ಸಂದೇಶ ಹೋದ ಮೇಲೂ ಮನಸ್ಸು ನಿಲ್ಲುವುದಿಲ್ಲ. ತವರೂರು ಕರಜಗಿಯ ದೌಲತರಾಯ ಕಾಕಾಗೆ ಫೋನ್ ಹಚ್ಚುತ್ತಾರೆ.

"ಕಾಕಾ, ಮೋಟರ್ ಎತ್ತಿದ್ರಿ?"

"ಯಾಕವ್ವಾ, ಹೊಳಿ ಬರಾಕತ್ತದೇನು?"

"ಮೆಸೇಜ್ ಬರಲಿಲ್ಲೇನ್ರಿ? ಹೊಳಿಸುದ್ದಿಗಿ ಯಾವ ನಂಬರ್ ಬರಿಸೀರಿ?"

"ಮೋಟರಿನ ಸುದ್ದಿ ಅಂದಿ, ಮೋಟರಿನ ನಂಬರೇ ಬರಿಸೇನಿ."

ಮನೆಯಲ್ಲಿ ಕೂತೇ ಫೋನಿನಿಂದ ಪಂಪ್ ಚಾಲೂ ಮಾಡಲು ದಂಡೆಯ ಸ್ಟಾರ್ಟರ್ ಡಬ್ಬಿಯೊಳಗೆ ಒಂದು ಸಿಮ್ ಇರುತ್ತದೆ. ಸಂದೇಶ ಹೋಗಿದ್ದು ಅದಕ್ಕೆ!

"ಹೊಳಿ ಬರ್ತದ ಅಂತ ಮೋಟರಿಗಿ ಹೇಳಿದ್ರ ಅದು ತಾನೇ ಎದ್ದು ಮನಿಗಿ ಬರ್ತದೇನ್ರಿ ಕಾಕಾ?"

"ಬೈಬ್ಯಾಡವ್ವಾ, ಟ್ರ್ಯಾಕ್ಟರ್ ತಗೊಂಡು ಹೊಂಟೆ!"

ಕಾಕಾ ಒಬ್ಬರೇ ಹೀಗೆ ಮಾಡಿರಲಿಕ್ಕಿಲ್ಲ. ಯಾವ ನಂಬರು ಮನುಷ್ಯರದು, ಯಾವುದು ಮೋಟರಿನದು, ಹೇಗೆ ತಿಳಿಯಬೇಕು? ಭುವನೇಶ್ವರಿ ದಂಡೆಯ ಊರೂರಿಗೂ ಫೋನ್ ಹಚ್ಚುತ್ತಾರೆ: "ಗುಡಿ ಮೈಕಿನಾಗ, ಮಸೂತಿ ಮೈಕಿನಾಗ ಕೂಗಿಸ್ರಿ." ಅಂದು ಕಾಲೇಜಿಗೆ ಹೋಗುವುದಿಲ್ಲ.

ಮರುದಿನ ಹೊಳೆ ದಂಡೆ ಮೀರುತ್ತದೆ. ಕಾಕಾನ ಫೋನ್ ಬರುತ್ತದೆ: "ಮೋಟರ್ ಅಂಗಳದಾಗ ಅದ. ಡಬ್ಬಿ ಮಾತ್ರ ಹೋತವ್ವಾ, ನಿನ್ನ ಮೆಸೇಜ್ ಸಮೇತ."

ಭುವನೇಶ್ವರಿ ನಗುತ್ತಾರೆ. ನಗು ಬೇಗನೆ ಆರುತ್ತದೆ. ಇನ್ನು ಮೇಲೆ ಹೊಳಿಸುದ್ದಿ ಪ್ರತಿ ನಂಬರಿಗೂ ಒಂದು ಕರೆ ಮಾಡಲಿದೆ. ಕರೆ ಎತ್ತಿ ಒಂದನೇ ಅಂಕಿ ಒತ್ತಿದರೆ ಅಲ್ಲಿರುವುದು ಮನುಷ್ಯ ಎಂದು ತಿಳಿಯುತ್ತದೆ. ಅದಕ್ಕೆ ಬೇಕಾದ ಕೋಡ್ ಬರೆಯುತ್ತಿದ್ದಾರೆ. ಆದರೆ ಕರೆಗಳ ಖರ್ಚು ಹೆಚ್ಚು. ಸಂಸ್ಥೆ ಕೊಟ್ಟಿದ್ದರಲ್ಲಿ ಉಳಿದ ಹಣ ಮಳೆಗಾಲದ ಕೊನೆಯವರೆಗೆ ಬಾಳುವುದೋ ಇಲ್ಲವೋ.

ದುಡ್ಡೇ ದೊಡ್ಡ ಚಿಂತೆಯೇ ಎಂದು ಕೇಳಿದರೆ ಅಲ್ಲವೆಂದು ತಲೆಯಾಡಿಸುತ್ತಾರೆ.

"ದುಡ್ಡು ಹೆಂಗೋ ಆಗ್ತದ್ರಿ. ಇದನ್ನ ಕಲಿಯೋರು ಇನ್ನೊಬ್ಬರು ಬೇಕು. ನನಗ ಜ್ವರ ಬಂದ ದಿನ ಹೊಳಿ ಬರೂದಿಲ್ಲಂತ ಏನದ?"