ಹೆಳವರ ಪುಸ್ತಕದ ಇನ್ನೊಂದು ಸಾಲು

ನನ್ನ ಕೈಬರಹ ಚೆನ್ನಾಗಿದೆ ಎಂಬ ಜಂಬ ನನಗೆ ಚಿಕ್ಕಂದಿನಿಂದಲೂ ಇದೆ. ದೊಡ್ಡಬಳ್ಳಾಪುರದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಕಪ್ಪುಹಲಗೆಯ ಮೇಲೆ ಮುತ್ತು ಪೋಣಿಸಿದ್ದೇನೆ. ಆ ಜಂಬದಲ್ಲೇ ಒಂದು ದಿನ, ಬದುಕಿದ್ದ ನನ್ನ ಸೋದರತ್ತೆಯನ್ನು ಕಾಗದದ ಮೇಲೆ ಸಾಯಿಸಿಬಿಟ್ಟೆ. ಇಲ್ಲಿ ನಾನು ಯಾರ ಹೆಸರನ್ನೂ ಬರೆಯುವುದಿಲ್ಲ. ಹೆಸರು ಬರೆದು ಒಮ್ಮೆ ಕೆಟ್ಟಿರುವುದು ಸಾಕು.

ನಮ್ಮೂರು ದೊಡ್ಡಬೆಳವಂಗಲ ಹೋಬಳಿಯದು. ತಾತ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಜಮೀನಿನ ಖಾತೆ ಅವರ ಹೆಸರಿನಲ್ಲೇ ಇತ್ತು. ಅದನ್ನು ಅಪ್ಪನ ಹೆಸರಿಗೆ ಮಾಡಿಸಲು ನಾಡಕಚೇರಿಯಿಂದ ವಂಶವೃಕ್ಷ ಪಡೆಯಬೇಕಿತ್ತು. ಒಂದು ಭಾನುವಾರ ಅಪ್ಪ ಜಗಲಿಯ ಮೇಲೆ ಕೂತು ಹೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ. ತಾತನ ಮಕ್ಕಳು ಎನ್ನುವ ಕಡೆ ಅಪ್ಪ ಸ್ವಲ್ಪ ತಡೆದ.

"ಮೊದಲ್ನೇದು ಹೆಣ್ಣು. ಸತ್ತೋಯ್ತು ಅಂತ ಬರಿ."

"ಯಾವಾಗ?"

"ಮದುವೆಗೆ ಮುಂಚೇನೇ. ಬರಿಯಮ್ಮ, ಹೊತ್ತಾಯ್ತು."

ನನಗೊಬ್ಬ ಅತ್ತೆ ಇದ್ದಳು ಎನ್ನುವುದನ್ನೇ ನಾನು ಕೇಳಿದ್ದು ಅದೇ ಮೊದಲು. ಪಾಪ, ಯಾವುದೋ ಕಾಯಿಲೆ ಇರಬೇಕು ಅಂದುಕೊಂಡೆ. ಅಪ್ಪ ಹೇಳಿದ ಹೆಸರಿನ ಮುಂದೆ 'ಅವಿವಾಹಿತೆ, ಮೃತೆ' ಎಂದು ದುಂಡಗೆ ಬರೆದೆ. ಅಪ್ಪ ಪ್ರಮಾಣಪತ್ರಕ್ಕೆ ಸಹಿ ಹಾಕಿದ, ಅವನ ಓರಗೆಯ ನಾಲ್ಕು ಜನ ಸಾಕ್ಷಿ ಹಾಕಿದರು, ತಿಂಗಳೊಳಗೆ ವಂಶವೃಕ್ಷ ಕೈಗೆ ಬಂತು.

ಬಂದ ವಾರ ಎದುರುಮನೆಯ ಅಜ್ಜಿ ನನ್ನನ್ನು ಕೊಟ್ಟಿಗೆಯ ಮರೆಗೆ ಕರೆದಳು. "ನೀನೇ ಬರ್ದಿದ್ದಂತೆ? ಬದುಕಿರೋಳ್ಗೆ ಎಳ್ಳುನೀರು ಬಿಟ್ಬಿಟ್ಯಲ್ಲೇ" ಅಂದಳು. ಬಾವಿ ತೋಡಲು ಬಂದ ಗುಂಪಿನಲ್ಲಿದ್ದ ಬೇರೆ ಜಾತಿಯ ಹುಡುಗನ ಜೊತೆ ಅತ್ತೆ ಹೊರಟುಹೋಗಿದ್ದಳಂತೆ. ತಾತ ತಲೆ ಮೇಲೆ ನೀರು ಸುರಿದುಕೊಂಡು, ಮಗಳು ಸತ್ತಳು ಎಂದು ಊರ ಮುಂದೆ ಹೇಳಿದ್ದರಂತೆ. "ಹೋದ ವರ್ಷ ದೇವನಹಳ್ಳಿ ಆಸ್ಪತ್ರೇಲಿ ನೋಡ್ದೆ. ನಲ್ಲೂರಲ್ಲಿ ಅವ್ಳೆ" ಎಂದಳು ಅಜ್ಜಿ.

ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಮೊದಲು ಕಾಗದಗಳಲ್ಲಿ ಹುಡುಕಿದೆ. ನಮ್ಮೂರ ಶಾಲೆಯ ಹಳೆಯ ದಾಖಲಾತಿ ಪುಸ್ತಕವನ್ನು ಹೆಡ್‌ಮೇಷ್ಟರ ಕೈಕಾಲು ಹಿಡಿದು ತೆಗೆಸಿದೆ. ಅಪ್ಪ ಇದ್ದ, ಮಕ್ಕಳಿಲ್ಲದೆ ತೀರಿಕೊಂಡ ದೊಡ್ಡಪ್ಪ ಇದ್ದರು, ಅತ್ತೆ ಇರಲಿಲ್ಲ, ಅವಳನ್ನು ಶಾಲೆಗೇ ಕಳಿಸಿರಲಿಲ್ಲ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಮ್ಮ ಜಮೀನಿನ ಪಹಣಿಗಳಲ್ಲೆಲ್ಲ ಗಂಡಸರೇ. ಕೊನೆಗೆ ನಲ್ಲೂರಿನ ಮತದಾರರ ಪಟ್ಟಿಯಲ್ಲಿ ಅವಳ ಹೆಸರು ಸಿಕ್ಕಿತು, ಪಕ್ಕದಲ್ಲಿ ಗಂಡನ ಹೆಸರು. ಅವಳು ಬದುಕಿರುವುದಕ್ಕೆ ದಾಖಲೆ ಇತ್ತು, ನಮ್ಮ ಮನೆಯ ಮಗಳು ಎನ್ನುವುದಕ್ಕೆ ಒಂದು ಚೂರು ಕಾಗದವೂ ಇರಲಿಲ್ಲ.

ನಲ್ಲೂರಿಗೆ ಹೋದೆ. ಹುಣಸೆ ತೋಪಿನ ಪಕ್ಕ ನಡೆಯುವಾಗ ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ನೆನಪಾದಳು. ಅವಳಿಗೆ ಹುಣಸೆಹಣ್ಣಿನ ಹುಚ್ಚು. ವರ್ಷಕ್ಕೊಮ್ಮೆ ದೇವನಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಮೂಟೆ ಹೊತ್ತು ತರುತ್ತಿದ್ದ ಒಬ್ಬ ಹೆಂಗಸಿನ ಹತ್ತಿರವೇ ಕೊಳ್ಳಬೇಕು, ಹಿತ್ತಲಲ್ಲಿ ಅವಳ ಜೊತೆ ಮಧ್ಯಾಹ್ನವೆಲ್ಲ ಪಿಸುಪಿಸು ಮಾತಾಡಬೇಕು. ಅಟ್ಟದ ತುಂಬ ಹುಣಸೆಹಣ್ಣಿನ ಮಡಕೆಗಳು. ಊರಿಗೆಲ್ಲ ಸಾರು ಮಾಡ್ತೀಯಾ ಎಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು.

ಎಂಬತ್ತು ದಾಟಿದ ಅತ್ತೆ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಮೂಗು, ಹಣೆ, ಸಿಟ್ಟು ಬಂದಂತೆ ಕಾಣುವ ಹುಬ್ಬು, ಎಲ್ಲ ಅಪ್ಪನದೇ. ಯಾರ ಮಗಳೆಂದು ಹೇಳಿ, ನಾನು ಬರೆದದ್ದನ್ನೂ ಹೇಳಿ, ತಪ್ಪಾಯಿತು ಎಂದೆ.

"ಅದ್ಬಿಡು. ಸಾಯೋದು ನಂಗೇನು ಹೊಸದಾ" ಎಂದಳು. ಆಮೇಲೆ ಕೈ ನಿಲ್ಲಿಸಿ ಕೇಳಿದಳು: "ನಮ್ಮವ್ವ ಯಾವತ್ತಾದ್ರೂ ನನ್ನ ಹೆಸ್ರು ಎತ್ತಿದ್ಲಾ?"

ಇಲ್ಲ ಎಂದೆ. ಅಜ್ಜಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಅತ್ತೆ ತಲೆಯಾಡಿಸಿ ಮತ್ತೆ ಅವರೆಕಾಯಿ ಬಿಡಿಸತೊಡಗಿದಳು. ಸುಳ್ಳನ್ನಾದರೂ ಹೇಳಬಾರದಿತ್ತೇ ಎಂದು ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಮನೆಗೆ ಬಂದವಳೇ ಅಪ್ಪನ ಮೇಲೆ ಕೂಗಾಡಿದೆ. ಅವನೂ ಕೂಗಾಡಿದ. "ನಮ್ಮಪ್ಪ ಹೆಳವ್ರ ಪುಸ್ತಕದಲ್ಲೇ ಅವಳ ಹೆಸ್ರು ಹೊಡೆಸಿದ್ದಾನೆ. ಅದ್ರಲ್ಲಿ ಇದ್ರೆ ನಾನೇ ನಾಡಕಚೇರಿಗೆ ಬಂದು ತಪ್ಪಾಯ್ತು ಅಂತೀನಿ. ಇಲ್ದಿದ್ರೆ ಈ ಮಾತು ಇನ್ನೆತ್ತಬೇಡ."

ಹೆಳವರು ಎಂದರೆ ನಮ್ಮಂಥ ಮನೆತನಗಳ ವಂಶಾವಳಿಯನ್ನು ತಲೆತಲಾಂತರದಿಂದ ಬರೆದಿಟ್ಟುಕೊಂಡು ಬಂದವರು. ಹಿಂದೆ ಗಂಟೆ ಬಾರಿಸುತ್ತಾ ಎತ್ತಿನ ಮೇಲೆ ಬರುತ್ತಿದ್ದರು. ಮನೆಯ ಮುಂದೆ ಕೂತು ಮೂಲಪುರುಷನಿಂದ ಹಿಡಿದು ಹೆಸರುಗಳನ್ನು ಓದಿ, ಹೊಸದಾಗಿ ಹುಟ್ಟಿದವರನ್ನು, ಸತ್ತವರನ್ನು ಬರೆದುಕೊಂಡು, ಕೊಟ್ಟ ರಾಗಿ, ಬಟ್ಟೆ ತೆಗೆದುಕೊಂಡು ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಅವರು ಓದುವ ಒಂದೊಂದು ಹೆಸರಿಗೂ ಮನೆಯ ಹಿರಿಯ 'ಹೌದು' ಅನ್ನಬೇಕು. ಹೌದು ಅನ್ನದೆ ಅವರು ಮುಂದಿನ ಹೆಸರಿಗೆ ಹೋಗುವುದಿಲ್ಲ.

ನಮ್ಮ ಮನೆಯ ಹೆಳವರು ಬಂದು ಬಹಳ ವರ್ಷಗಳಾಗಿದ್ದವು. ನೆಂಟರಿಷ್ಟರನ್ನೆಲ್ಲ ಕಾಡಿ ಫೋನ್ ನಂಬರ್ ಹಿಡಿದೆ. "ರಾಗಿ ಒಕ್ಕಣೆ ಮುಗೀಲವ್ವ, ಬರ್ತೀನಿ" ಎಂದರು. ಅತ್ತೆಗೆ ತಿಳಿಸಿದಾಗ ಅವಳು, "ಹೊಡೆದಾಕಿದ್ದಾರೆ ಅಂತ ಆಗ್ಲೇ ಕೇಳಿದ್ದೆ ಕಣವ್ವಾ. ಆದ್ರೂ ಒಂದ್ಸಲ ನನ್ನ ಕಿವೀಲೇ ಕೇಳ್ಬೇಕು" ಎಂದಳು.

ಅವರು ಬಂದದ್ದು ಎತ್ತಿನ ಮೇಲಲ್ಲ, ಹಳೆಯ ಓಮ್ನಿಯಲ್ಲಿ. ಅರವತ್ತರ ಆಸುಪಾಸಿನ ಮನುಷ್ಯ, ಕೆಂಪು ಬಟ್ಟೆಯಲ್ಲಿ ಸುತ್ತಿದ ದಪ್ಪ ಪುಸ್ತಕ. ಕಂಬಳಿ ಹಾಸಿ ಕೂರಿಸಿದೆವು. ಬೀದಿಯವರೆಲ್ಲ ಸೇರಿದರು. ಬೆಳಿಗ್ಗೆಯೇ ನಾನು ನಲ್ಲೂರಿನಿಂದ ಕರೆತಂದು ಎದುರುಮನೆಯಲ್ಲಿ ಕೂರಿಸಿದ್ದ ಅತ್ತೆ, ಆ ಮನೆಯ ಅಜ್ಜಿಯ ತೋಳು ಹಿಡಿದು ಬಂದು ಜಗಲಿಯ ತುದಿಯಲ್ಲಿ ಕೂತಳು. ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದಳು. ಅಪ್ಪ ನೋಡಿದ. ಅಗಿಯುತ್ತಿದ್ದ ಎಲೆಅಡಿಕೆ ಅಲ್ಲೇ ನಿಂತಿತು. ಎದ್ದು ಹೋಗು ಅಂದುಬಿಟ್ಟರೆ ಎಂದು ನಾನು ಅತ್ತೆಯ ಪಕ್ಕಕ್ಕೆ ಹೋಗಿ ಕೂತೆ.

ಹೆಳವರು ರಾಗವಾಗಿ ಓದತೊಡಗಿದರು. ಮೂಲಪುರುಷ, ಅವನ ಮಕ್ಕಳು, ವಲಸೆ ಬಂದ ಊರು, ಕಟ್ಟಿಸಿದ ಕಟ್ಟೆ. ಅಪ್ಪ ಹೌದು, ಹೌದು ಅನ್ನುತ್ತಾ ಬಂದ. ತಾತನ ಹೆಸರಿಗೆ ಅವನ ದನಿ ಏರಿತು. ಆಮೇಲೆ ಹೆಳವರು ಪುಸ್ತಕದ ಮೇಲೆ ಬಾಗಿದರು.

"ಮೊದಲ ಮಗು ಹೆಣ್ಣು..." ಎಂದು ಶುರುಮಾಡಿ ನಿಲ್ಲಿಸಿದರು. ಬೆರಳು ಅಲ್ಲೇ ನಿಂತಿತು. "ಇದನ್ನ ಹೊಡೆದಿದೆ, ಯಜಮಾನ್ರೇ."

"ನೋಡ್ದ್ಯಾ?" ಎಂದ ಅಪ್ಪ, ನನ್ನ ಕಡೆ ತಿರುಗದೆ.

ಅತ್ತೆ ನೆಲಕ್ಕೆ ಕೈ ಊರಿ ಏಳಲು ನೋಡಿದಳು. ನಾನೇ ಕರೆದುಕೊಂಡು ಬಂದು ಇಷ್ಟು ಜನರ ಮುಂದೆ ಎರಡನೇ ಸಲ ಸಾಯಿಸಿದೆನಲ್ಲ ಎಂದುಕೊಂಡೆ.

"ಕೂತ್ಕೊಳ್ಳಿ, ಕೆಳಗೆ ಇನ್ನೊಂದು ಸಾಲಿದೆ" ಎಂದರು ಹೆಳವರು. ಕನ್ನಡಕ ಏರಿಸಿಕೊಂಡರು. "ಶಾಯಿ ಬೇರೆ. ಇದು ನಮ್ಮಪ್ಪನ ಕೈ." ಮತ್ತೆ ರಾಗ ಎಳೆದು ಓದಿದರು. ಅತ್ತೆಯ ಹೆಸರು. ಸೇರಿದ ಊರು ನಲ್ಲೂರು. ಮೊದಲನೆಯದು ಗಂಡು, ಎರಡನೆಯದು ಗಂಡು, ಮೂರನೆಯದು ಹೆಣ್ಣು. ಮೂವರ ಹೆಸರೂ ಇತ್ತು, ಒಂದೊಂದೂ ಬೇರೆ ಬೇರೆ ವರ್ಷದ ಶಾಯಿಯಲ್ಲಿ.

ನಾನು ಆ ಮಕ್ಕಳ ಹೆಸರನ್ನು ಹೆಳವರಿಗೆ ಹೇಳಿರಲಿಲ್ಲ. ನನಗೇ ಸರಿಯಾಗಿ ಗೊತ್ತಿರಲಿಲ್ಲ.

"ಇದನ್ನ ಯಾರು ಬರೆಸಿದ್ದು?" ಅಪ್ಪನ ದನಿ ಒರಟಾಗಿತ್ತು.

"ಪಕ್ಕದಲ್ಲೇ ಬರೆದವ್ರೆ, ಯಜಮಾನ್ರೇ. 'ತಾಯಿ ಹೇಳಿದಂತೆ, ಹಿತ್ತಲ ಬಾಗಿಲಲ್ಲಿ.' ಮೂರು ಸಲ ಬಂದಾಗ್ಲೂ ಹಂಗೇ ಬರೆದವ್ರೆ."

ಅತ್ತೆಯ ಸೆರಗು ಜಾರಿ ಹೆಗಲಿಗೆ ಬಿತ್ತು. ಅದನ್ನು ಎಳೆದುಕೊಳ್ಳಲಿಲ್ಲ. "ಅವ್ವಂಗೆ ನನ್ನ ಮಕ್ಕಳ ಹೆಸ್ರು ಗೊತ್ತಿತ್ತಾ?" ಎಂದು ಅಲ್ಲಿದ್ದವರನ್ನೆಲ್ಲ ಕೇಳಿದಳು.

ಅಪ್ಪ ಅಟ್ಟದ ಕಡೆ ತಲೆಯೆತ್ತಿ ನೋಡಿದ. ಅಲ್ಲಿ ಆ ಮಡಕೆಗಳು ಇನ್ನೂ ಇವೆ, ಖಾಲಿ. "ಹುಣಸೆಹಣ್ಣು ಮಾರೋ ಆ ಹೆಂಗಸು" ಎಂದ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು, ನೋಡಲಾರದೆ ನೆಲ ನೋಡಿದೆ.

ಹೆಳವರ ಬೆರಳು ಸಾಲಿನ ಮೇಲೇ ಇತ್ತು. ಅವರು ಮುಂದಕ್ಕೆ ಹೋಗುವಂತಿರಲಿಲ್ಲ.

"ಹೌದು" ಎಂದ ಅಪ್ಪ. ಮೂರು ಮಕ್ಕಳಿಗೂ ಒಂದೊಂದು ಹೌದು ಅಂದ.

ಎಲ್ಲ ಓದಿ ಮುಗಿಸಿ ಹೆಳವರು ಪೆನ್ನು ತೆಗೆದು, ಹೊಸದಾಗಿ ಬರೆಯುವುದು ಏನಿದೆ ಎಂದು ಕೇಳಿದರು. ನಮ್ಮ ಮನೆಯ ಮೊಮ್ಮಕ್ಕಳ ಹೆಸರು ಬರೆಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕೈ ಅಡ್ಡ ಹಿಡಿದ.

"ನಮ್ಮಕ್ಕ ಬದುಕವ್ಳೆ ಅಂತ ಬರ್ಕೊಳ್ಳಿ."

"ಹಂಗೆ ಬರೆಯೋ ಪದ್ಧತಿ ಇಲ್ಲ, ಯಜಮಾನ್ರೇ. ಹುಟ್ಟಿದ್ದು ಬರೀತೀವಿ, ಸತ್ತಿದ್ದು ಬರೀತೀವಿ. ಬದುಕಿರೋದನ್ನ ಯಾರೂ ಬರೆಸಲ್ಲ."

"ನಾನು ಬರೆಸ್ತೀನಿ" ಎಂದ ಅಪ್ಪ. "ತಮ್ಮ ಹೇಳಿದಂತೆ ಅಂತಾನೂ ಹಾಕಿ. ಮುಂಬಾಗಿಲಲ್ಲಿ."